ಹಳೆಯ ಕಾರು, ಪೆಟ್ರೋಲಿನ ವಾಸನೆ ಮತ್ತು ಮನೆಯ ಸುರಕ್ಷತೆ



ಕುಟುಂಬ ಕ್ಷೇಮವೆಂದರೆ ತಾಯಿ ಮಕ್ಕಳ ಆರೋಗ್ಯವಷ್ಟೇ ಅಲ್ಲ. ಮನೆಯವರನ್ನು ಅಪಘಾತಗಳಿಂದ ಕಾಪಾಡುವುದೂ ಅದರಲ್ಲಿ ಸೇರಿದೆ. ಇಂದು ಅನೇಕ ಹಳ್ಳಿಗಳಲ್ಲಿ ಸಂತೆಗೆ, ಜಾತ್ರೆಗೆ, ಆಸ್ಪತ್ರೆಗೆ ಹಳೆಯ ಕಾರು ಅಥವಾ ವ್ಯಾನೇ ಆಧಾರ. ಆದುದರಿಂದ ಅದರಲ್ಲಿ ಅಡಗಿರುವ ಬೆಂಕಿಯ ಅಪಾಯವನ್ನು ಪತಿ ಪತ್ನಿಯರಿಬ್ಬರೂ ಅರಿತಿರಬೇಕು.

ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಬೇಸಿಗೆಯ ಮಾತು ಹೇಳಬೇಕಾಗಿಲ್ಲ. ಈ ಆವಿ ಗಾಳಿಗಿಂತ ಭಾರ. ಅಂಗಳದಲ್ಲಿ ಸೋರಿದ್ದು ನೆಲದ ಮೇಲೆಯೇ ಹರಿದು ಬಚ್ಚಲೊಲೆಯನ್ನು ಮುಟ್ಟಬಹುದು. ಅಲ್ಲಿ ಹೊತ್ತಿದ ಜ್ವಾಲೆ ಗಾಡಿಯವರೆಗೂ ಮರಳಿ ಓಡಬಹುದು.

ಸೋರಿಕೆ ಏಕೆ ಉಂಟಾಗುತ್ತದೆ? ಇಂಜಿನ್ನಿನ ಬಿಸಿಗೆ ರಬ್ಬರಿನ ಕೊಳವೆಗಳು ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತವೆ. ಕ್ಲಿಪ್ಪುಗಳು ಸಡಿಲವಾಗುತ್ತವೆ. ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ನಿಂತ ಗಾಡಿಯ ಕೊಳವೆಯನ್ನು ಇಲಿ ಕಡಿಯುವುದೂ ಉಂಟು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದಕ್ಕೆ ತಕ್ಕುದಲ್ಲದ ಹಳೆಯ ರಬ್ಬರು ಅದರಿಂದ ಬೇಗನೆ ಕೆಡಬಹುದು. ಸೋರಿದ ಹನಿ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ, ಅಥವಾ ಸಡಿಲ ತಂತಿಯ ಕಿಡಿ ಆವಿಗೆ ತಗುಲಿದರೆ, ಗಾಡಿ ಹೊತ್ತಿಕೊಳ್ಳುತ್ತದೆ.

ಆದುದರಿಂದ ಒಂದು ನಿಯಮವನ್ನು ಇಟ್ಟುಕೊಳ್ಳಿರಿ: ಪೆಟ್ರೋಲಿನ ವಾಸನೆ ಬಂದರೆ ಗಾಡಿ ಹೊರಡಬಾರದು. ಮದುವೆಗೆ ಹೊತ್ತಾದರೂ ಸರಿಯೇ, ಮೊದಲು ಮೆಕ್ಯಾನಿಕ್ಕಿಗೆ ತೋರಿಸಬೇಕು. ವಾಸನೆಯನ್ನು ಮೊದಲು ಕಂಡವರು ಮನೆಯಾಕೆಯಾಗಿದ್ದರೆ, ಆಕೆಯ ಮಾತನ್ನು ಪತಿಯು ಅಲಕ್ಷಿಸಬಾರದು. ಕೊಳವೆ ಬದಲಾಯಿಸುವ ಖರ್ಚು ಅಲ್ಪ, ಪ್ರಾಣಕ್ಕೆ ಬೆಲೆಯಿಲ್ಲ.

ಸೋರಿಕೆಯನ್ನು ಬೆಂಕಿಕಡ್ಡಿ ಗೀರಿ ಹುಡುಕದಿರಿ. ಗಾಡಿಯ ಬಳಿ ಬೀಡಿ ಸೇದದಿರಿ. ಒಲೆಯಿಂದ ದೂರ, ಗಾಳಿಯಾಡುವ ಕಡೆ ಅದನ್ನು ನಿಲ್ಲಿಸಿರಿ. ಮನೆಯೊಳಗೆ ಬಾಟಲಿಗಳಲ್ಲಿ ಪೆಟ್ರೋಲು ಇಡದಿರಿ. ಅಡಿಗೆಯ ಗ್ಯಾಸ್ ಸಿಲಿಂಡರಿನಿಂದ ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ.

ದಾರಿಯಲ್ಲಿ ಹೊಗೆ ಕಂಡರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಮೊದಲು ಮಕ್ಕಳನ್ನು ಇಳಿಸಿರಿ. ಎಲ್ಲರೂ ದೂರ ಹೋಗಿ 112ಕ್ಕೆ ಕರೆ ಮಾಡಿರಿ. ಬಾನೆಟ್ಟನ್ನು ಎತ್ತದಿರಿ, ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಹರಡುತ್ತದೆ. ಸಾಮಾನುಗಳಿಗಾಗಿ ಮರಳಿ ಹೋಗಲೇಬಾರದು.

ಬಟ್ಟೆಗೆ ಬೆಂಕಿ ತಗುಲಿದವರು ಓಡಬಾರದು, ನೆಲದಲ್ಲಿ ಉರುಳಬೇಕು. ದಪ್ಪನೆಯ ಹತ್ತಿಯ ಕಂಬಳಿ ಹೊದಿಸಿ ಉರಿಯನ್ನು ಆರಿಸಿರಿ. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಿಸಿರಿ. ಬಾವು ಬರುವ ಮೊದಲೇ ಬಳೆ, ಉಂಗುರಗಳನ್ನು ತೆಗೆಯಿರಿ. ಮೈಗೆ ಅಂಟಿದ ಬಟ್ಟೆಯನ್ನು ಕೀಳದಿರಿ. ಶಾಯಿ, ಎಣ್ಣೆ, ಸಗಣಿ ಯಾವುದನ್ನೂ ಹಚ್ಚದೆ, ಶುಭ್ರವಾದ ಬಟ್ಟೆ ಮುಚ್ಚಿ, 108 ಆಂಬುಲೆನ್ಸ್ ಕರೆಯಿಸಿ ಆಸ್ಪತ್ರೆಗೆ ಸಾಗಿಸಿರಿ.

ಈ ಭಾನುವಾರ ಹಗಲಿನಲ್ಲಿ, ಇಂಜಿನ್ ತಣ್ಣಗಿರುವಾಗ, ನಿಮ್ಮ ಗಾಡಿಯ ಕೆಳಗೆ ಒಮ್ಮೆ ನೋಡಿರಿ. ನೆಲದಲ್ಲಿ ಒದ್ದೆ ಕಲೆಯಿದೆಯೇ? ಪೆಟ್ರೋಲಿನ ವಾಸನೆಯಿದೆಯೇ? ಇದ್ದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು, ಮೆಕ್ಯಾನಿಕ್ಕನ್ನು ಮನೆಗೇ ಕರೆಯಿಸಿರಿ.