ಉಣ್ಣೆಯಲ್ಲಿ ಚಿತ್ರ ಬರೆಯುವ ಕೈ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಓದಿದ್ದಾರೆ. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಸವಿಸ್ತಾರವಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರೋದು ಹದಿನೈದು ನಿಮಿಷ. ನಾವು ಮಗ್ಗದ ಮನೆಯವರಲ್ಲ, ಹೊಲದವರು. ಹತ್ತು ಹದಿನೈದು ಕುರಿ ಇಟ್ಟುಕೊಂಡಿದ್ದೇವೆ, ಬೇಸಿಗೆಯಲ್ಲಿ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುತ್ತೇವೆ. ಉಣ್ಣೆಗೂ ನಮಗೂ ಇರುವ ನಂಟು ಅಷ್ಟೆ. ಆದರೂ ಉಣ್ಣೆಯ ವಿಷಯವನ್ನೇ ಮಾತಾಡಬೇಕು ಅಂತ ಬಂದಿದ್ದೇವೆ. ಮುಂದಿನ ತಿಂಗಳ ಸರ್ವ ಸದಸ್ಯರ ಸಭೆಯಲ್ಲಿ ಒಂದು ತೀರ್ಮಾನ ಆಗಬೇಕಾಗಿದೆ. ಅದಕ್ಕೆ ಕೈ ಎತ್ತುವ ಮುಂಚೆ ವಿಷಯ ಏನು ಅಂತ ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಸಂಘದ ಸದಸ್ಯರೊಬ್ಬರ ಮನೆಯವರ ವಿಷಯ ಇದು. "ಹೆಸರು ಮಾತ್ರ ಹೇಳಬ್ಯಾಡ ಕಣಪ್ಪ, ದೃಷ್ಟಿ ಆಗ್ತೈತೆ" ಅಂತ ಮೊದಲೇ ತಾಕೀತು ಮಾಡಿದ್ದಾರೆ. ಊರಲ್ಲಿ ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯೋದು, ಇಲ್ಲೂ ಹಾಗೇ ಕರೆಯುತ್ತೇವೆ. ಅಕ್ಕನಿಗೆ ಈಗ ಅರವತ್ತರ ಹತ್ತಿರ. ಎಂಟನೇ ವಯಸ್ಸಿನಿಂದ ಉಣ್ಣೆ ಹಿಂಜಿ, ಹಂಜಿ ಮಾಡಿ, ನೂಲುತ್ತಾ ಬಂದವರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಕೆಲವು ವರ್ಷದ ಹಿಂದೆ ತಾಲ್ಲೂಕಿನಲ್ಲಿ ಹತ್ತು ದಿನದ ತರಬೇತಿ ಅಂತ ಒಂದು ನಡೆಯಿತು. ನೂಲದೆ, ನೇಯದೆ, ಉಣ್ಣೆಯನ್ನು ನೀರಲ್ಲಿ ಅದುಮಿ ಬಟ್ಟೆ ಮಾಡುವುದು ಹೇಗೆ ಅಂತ ಹೇಳಿಕೊಟ್ಟರು. ಕೊನೆಯ ದಿನ ಸರ್ಟಿಫಿಕೇಟು, ಗ್ರೂಪ್ ಫೋಟೋ, ಉಪ್ಪಿಟ್ಟು. ಹೋದವರಲ್ಲಿ ಬಹಳ ಮಂದಿ ಸರ್ಟಿಫಿಕೇಟನ್ನು ಗೋಡೆಗೆ ಹಾಕಿದರು. ಅಕ್ಕ ಮನೆಗೆ ಬಂದು ಜಗಲಿ ಮೇಲೆ ಚಾಪೆ ಹಾಸಿದರು.

ಈ ಅದುಮಿದ ಉಣ್ಣೆ ಹೊಸದೇನಲ್ಲ. ಕಾಶ್ಮೀರದಲ್ಲಿ, ಕಛ್‌ನಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ ಇದಕ್ಕೆ ನಮದಾ ಅನ್ನುತ್ತಾರೆ. ಇಂಗ್ಲಿಷಿನವರು ಫೆಲ್ಟ್ ಅನ್ನುತ್ತಾರೆ. ಉಣ್ಣೆಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಮೀನಿನ ಮೈಯಂತೆ, ನಮ್ಮ ಮನೆಯ ಹಂಚಿನ ಹಾಗೆ, ಒಂದರ ಮೇಲೊಂದು ಹುರುಪೆ ಕಾಣುತ್ತದೆ. ಬಿಸಿನೀರು, ಸೋಪು ಬಿದ್ದರೆ ಆ ಹುರುಪೆ ಬಾಯಿ ಬಿಡುತ್ತದೆ. ಉಜ್ಜಿದರೆ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲು ಬಾರದ ಹಾಗೆ ಕೂತುಬಿಡುತ್ತದೆ. ಪೇಟೆಯಿಂದ ತಂದ ಉಣ್ಣೆ ಸ್ವೆಟರನ್ನು ಬಿಸಿನೀರಿಗೆ ಹಾಕಿ ಒಗೆದರೆ ಮಗುವಿನ ಅಳತೆಗೆ ಬರುವುದು ಇದೇ ಕಾರಣಕ್ಕೆ. ನಮ್ಮ ಕಂಬಳಿಯಲ್ಲೂ ಸ್ವಲ್ಪ ಮಟ್ಟಿಗೆ ಇದು ನಡೆಯುತ್ತದೆ. ಹೊಸದರಲ್ಲಿ ಹಾಸು ಹೊಕ್ಕು ಬಿಡಿಬಿಡಿಯಾಗಿ ಕಾಣುತ್ತದೆ. ನಾಲ್ಕು ಮಳೆಗಾಲ ಕೊಪ್ಪೆ ಹಾಕಿಕೊಂಡು ನೆನೆದು, ಒಣಗಿ, ತುಳಿಸಿಕೊಂಡ ಮೇಲೆ ಎಳೆ ಮುಚ್ಚಿಕೊಂಡು ಬಿಗಿಯಾಗುತ್ತದೆ.

ಅಕ್ಕ ಮಾಡುವ ರೀತಿ ಹೀಗೆ. ಚಾಪೆ ಮೇಲೆ ಹಿಂಜಿದ ಉಣ್ಣೆಯನ್ನು ತೆಳ್ಳಗೆ ಒಂದು ಪದರ ಉದ್ದಕ್ಕೆ, ಅದರ ಮೇಲೆ ಒಂದು ಪದರ ಅಡ್ಡಕ್ಕೆ, ಹೀಗೆ ನಾಲ್ಕೈದು ಪದರ ಹಾಸುತ್ತಾರೆ. ಬಾರ್ ಸೋಪು ತುರಿದು ಕರಗಿಸಿದ ಬಿಸಿನೀರು ಚಿಮುಕಿಸುತ್ತಾರೆ. ಚಾಪೆ ಸಮೇತ ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಮುಂದೆ ಹಿಂದೆ ಉರುಳಿಸುವುದು, ತುಳಿಯುವುದು. ಬಿಚ್ಚಿ ನೋಡುವುದು, ತಿರುಗಿಸಿ ಮತ್ತೆ ಸುತ್ತುವುದು. ಮೊಮ್ಮಕ್ಕಳು ಶಾಲೆಯಿಂದ ಬಂದ ಮೇಲೆ ಅವರಿಗೂ ತುಳಿಯುವ ಕೆಲಸ. ಒಂದು ಸಣ್ಣ ಹಾಸಿಗೆ ಒಂದು ಇಡೀ ಮಧ್ಯಾಹ್ನ ಬೇಕು. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಬೇಗ ಹಿಡಿಯೋದಿಲ್ಲ. ಮೊದಲ ಕತ್ತರಿಯ ಮರಿ ಉಣ್ಣೆ ಮೃದು. ಅದನ್ನು ಇಷ್ಟು ಅಂತ ಬೆರೆಸಬೇಕು. ಎಷ್ಟು ಅಂತ ಕೇಳಿದರೆ ಅಕ್ಕ ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿ ನೋಡುತ್ತಾರೆ, "ಇನ್ನೊಂದು ಸ್ವಲ್ಪ" ಅನ್ನುತ್ತಾರೆ. ತಕ್ಕಡಿಗೆ ಸಿಗುವ ಲೆಕ್ಕ ಅಲ್ಲ ಅದು.

ಅಕ್ಕನ ಮೊಮ್ಮಗಳು ಮೊಬೈಲಿನಲ್ಲಿ ನಮಗೊಂದು ತೋರಿಸಿದಳು. ರಷ್ಯಾ ದೇಶದ ಅಲ್ತಾಯ್ ಬೆಟ್ಟದಲ್ಲಿ ಪಜಿರಿಕ್ ಅಂತ ಒಂದು ಜಾಗ. ಅಲ್ಲಿಯ ಹಳೆಯ ಸಮಾಧಿಯೊಂದನ್ನು 1949ರಲ್ಲಿ ಅಗೆದಾಗ, ಒಳಗೆಲ್ಲ ಮಂಜುಗಡ್ಡೆ ತುಂಬಿಕೊಂಡಿತ್ತು. ಆ ಮಂಜಿನ ದೆಸೆಯಿಂದ, ಎರಡು ಸಾವಿರ ವರ್ಷಕ್ಕೂ ಹಿಂದಿನ ಉಣ್ಣೆಯ ಹಾಸು ಕೊಳೆಯದೆ ಹಾಗೇ ಸಿಕ್ಕಿತು. ಅದರ ಮೇಲೆ ಕುದುರೆ ಸವಾರನ ಚಿತ್ರ, ಬಣ್ಣಬಣ್ಣದ ಉಣ್ಣೆಯಲ್ಲೇ ಮಾಡಿದ್ದು. ಜೊತೆಗೆ ಉಣ್ಣೆಯ ಹಂಸಗಳು. ಈಗ ಅವು ಸೇಂಟ್ ಪೀಟರ್ಸ್‌ಬರ್ಗ್ ಪಟ್ಟಣದ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿಂದ ಇತ್ತ ಕಿರ್ಗಿಜ್ ದೇಶಕ್ಕೆ ಬಂದರೆ, ಕುರಿ ಮೇಯಿಸುವವರ ಹೆಣ್ಣುಮಕ್ಕಳು ಇವತ್ತಿಗೂ ಇದನ್ನು ಮಾಡುತ್ತಾರೆ. ಎರಡು ಬೇರೆ ಬೇರೆ ಬಣ್ಣದ ಹಾಸನ್ನು ಒಂದರ ಮೇಲೊಂದಿಟ್ಟು, ಸೀಮೆಸುಣ್ಣದಲ್ಲಿ ಬಳ್ಳಿ, ಕೊಂಬಿನ ಗೆರೆ ಬರೆದು, ಎರಡನ್ನೂ ಒಟ್ಟಿಗೇ ಚಾಕುವಿನಿಂದ ಕೊಯ್ಯುತ್ತಾರೆ. ಇದರ ತುಂಡು ಅದಕ್ಕೆ, ಅದರ ತುಂಡು ಇದಕ್ಕೆ ಕೂರಿಸಿ ಹೊಲಿಯುತ್ತಾರೆ. ಒಂದು ಚೂರೂ ದಂಡವಿಲ್ಲ, ಒಂದರ ಬದಲು ಎರಡು ಹಾಸು. ಇದಕ್ಕೆ ಶಿರ್ದಾಕ್ ಅಂತ ಹೆಸರು. 2012ರಲ್ಲಿ ಯುನೆಸ್ಕೋದವರು ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಕಲೆಗಳ ಪಟ್ಟಿಗೆ ಸೇರಿಸಿದರು. ಕಾರಣ ಕೇಳಿದರೆ ನಮ್ಮೂರ ಮಾತೇ ಕೇಳಿದಂತಾಗುತ್ತದೆ. ಹುಡುಗರು ಕಲಿಯೋದಿಲ್ಲ, ಅಗ್ಗದ ಸಿಂಥೆಟಿಕ್ ಜಮಖಾನ ಬಂದಿದೆ, ಒಳ್ಳೆ ಉಣ್ಣೆ ಸಿಗೋದಿಲ್ಲ.

ಇನ್ನು ಬಣ್ಣದ ವಿಷಯ. ಇದರಲ್ಲಿ ಅಕ್ಕ ಪಟ್ಟಿರುವ ಪಾಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಿ ಉಣ್ಣೆಯ ಮೇಲೆ ಬಣ್ಣ ಕಾಣೋದಿಲ್ಲ, ಬಿಳಿಯೇ ಆಗಬೇಕು. ನಮ್ಮ ಕಡೆ ಮಂದೆಯಲ್ಲಿ ಕರಿಯೇ ಹೆಚ್ಚು, ಬಿಳಿ ಮೈಯ ಕುರಿ ಅಲ್ಲೊಂದು ಇಲ್ಲೊಂದು. ಸಂಘದ ಗೋದಾಮಿನಲ್ಲಿ ಕರಿ, ಕೆಂದ, ಬಿಳಿ ಎಲ್ಲಾ ಒಂದೇ ಚೀಲಕ್ಕೆ ತುರುಕುತ್ತಾರೆ. ಅಕ್ಕ ಆ ಚೀಲ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬಿಳಿ ಉಣ್ಣೆ ಆರಿಸುತ್ತಾ ಕೂರುತ್ತಾರೆ. ಅರ್ಧ ಕಿಲೋ ಬಿಳಿ ಸಿಗಬೇಕಾದರೆ ಬೆಳಗಿನಿಂದ ಊಟದ ಹೊತ್ತಾಗುತ್ತದೆ.

ಆರಿಸಿದ್ದನ್ನು ಅಂಟುವಾಳದಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಜಿಡ್ಡಿದ್ದರೆ ಬಣ್ಣ ಹತ್ತೋದಿಲ್ಲ. ಆಮೇಲೆ ಕಿಲೋ ಒಣ ಉಣ್ಣೆಗೆ 150 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ. ಬಣ್ಣ ಕಚ್ಚಿಕೊಳ್ಳೋದು ಪಟಿಕದ ದೆಸೆಯಿಂದ. ನಮ್ಮ ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಈರುಳ್ಳಿಗೆ ಬರವಿಲ್ಲ, ಈರುಳ್ಳಿಯ ಬೆಲೆಗೆ ಬರ. ಮಂಡಿಯಲ್ಲಿ ಗುಡಿಸಿ ಎಸೆಯುವ ಸಿಪ್ಪೆಯನ್ನು ಅಕ್ಕ ಚೀಲಗಟ್ಟಲೆ ತರುತ್ತಾರೆ. ಉಣ್ಣೆಯ ತೂಕದಷ್ಟು ಸಿಪ್ಪೆ ಹಾಕಿದರೆ ಮಾಗಿದ ಜೋಳದ ಹೊಲದ ಬಣ್ಣ ಬರುತ್ತದೆ. ಆಯುಧಪೂಜೆ ಕಳೆದ ಮೇಲೆ ಚೆಂಡುಹೂವಿನ ಹಳದಿ, ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆಯ ಮಾಸಲು ಹಳದಿ. ಹಳೆ ಲಾಳ, ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಕೊಳೆಹಾಕಿದ ಕಪ್ಪು ನೀರನ್ನು ಒಂದಿಷ್ಟು ಬೆರೆಸಿದರೆ ಆ ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಜಾಸ್ತಿ ಬೆರೆಸಿದರೆ ಉಣ್ಣೆ ಪೆಡಸಾಗಿ ಉದುರುತ್ತದೆ. ಕೆಂಪಿಗೆ ಗ್ರಂಧಿಗೆ ಅಂಗಡಿಯ ಮಂಜಿಷ್ಠ ಬೇರು. ಅದನ್ನು ಕುದಿಸಿದರೆ ಕೆಂಪು ಹೋಗಿ ಕಂದು ಆಗುತ್ತದೆ, ಬರೀ ಬಿಸಿಯಲ್ಲಿ ಇಡಬೇಕು. ಯಾವ ಬಣ್ಣವೇ ಇರಲಿ, ಪಾತ್ರೆಯಲ್ಲಿ ಸೌಟು ಹಾಕಿ ತಿರುವಬಾರದು. ತಿರುವಿದರೆ ಉಣ್ಣೆ ಅಲ್ಲೇ ಗಂಟಾಗಿ ಕೂರುತ್ತದೆ.

ಅರಿಶಿನ ಯಾಕೆ ಹಾಕೋದಿಲ್ಲ ಅಂತ ಕೇಳಿದೆವು. ಅಕ್ಕ ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಪ್ರತಿ ಬಣ್ಣದ ಒಂದು ಚೂರು ಉಣ್ಣೆ, ಅರ್ಧದ ಮೇಲೆ ಹಂಚು, ಅರ್ಧ ಬಿಸಿಲಿಗೆ. ತಿಂಗಳಾದ ಮೇಲೆ ಹಂಚು ಎತ್ತಿದರೆ ಅರಿಶಿನದ ಚೂರಿನಲ್ಲಿ ಹಂಚಿನ ಅಚ್ಚು ಹಾಗೇ ಬಿದ್ದಿತ್ತು. ಬಿಸಿಲಿನ ಭಾಗ ಬೆಳ್ಳಗೆ ಆಗಿತ್ತು. ಮಂಜಿಷ್ಠದಲ್ಲಿ ಹಂಚಿನ ಗುರುತು ಹುಡುಕಬೇಕಾಯಿತು. "ಇಂದು ಕೊಂಡವನು ನಾಳೆ ಬೈಯಬಾರದಲ್ಲ" ಅಂದರು. ಓದು ಬರಹ ಇಲ್ಲದವರು ಲೆಕ್ಕ ಇಡೋದು ಹೇಗೆ ಅಂತೀರಾ? ಒಂದು ಹಳೆ ಕೌದಿಯ ಚೂರಿಗೆ ಬಣ್ಣದ ಉಣ್ಣೆಯ ತುಣುಕು ಹೊಲಿದು, ಪಕ್ಕದಲ್ಲಿ ದಾರ ಇಳಿಬಿಟ್ಟು ಗಂಟು ಹಾಕಿದ್ದಾರೆ. ಒಂದು ಗಂಟು ಅಂದರೆ ಒಂದು ಬೊಗಸೆ ಸಿಪ್ಪೆ. ದಾರದ ತುದಿಗೆ ಮಣಿ ಇದ್ದರೆ ಲಾಳದ ನೀರು ಹಾಕಿದೆ ಅಂತ. ನಮ್ಮ ಸಂಘದ ಕೆಲವು ರಿಜಿಸ್ಟರುಗಳಿಗಿಂತ ಅಚ್ಚುಕಟ್ಟಾಗಿದೆ ಅಂದರೆ ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳಬಾರದು.

ನೀಲಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ನೀಲಿಯ ಬಾನಿ ಹುದುಗಿಸುವುದು ಬೇರೆಯೇ ವಿದ್ಯೆ. ಅದಕ್ಕೇ ಅಕ್ಕನ ಚಿತ್ರದಲ್ಲಿ ಆಕಾಶ ಇರೋದಿಲ್ಲ. ಕೆರೆ ಬೇಕಾದರೆ ಕರಿ ಉಣ್ಣೆಯ ಮೇಲೆ ಬಿಳಿ ಎಳೆಯನ್ನು ಅಲೆ ಅಲೆಯಾಗಿ ಬಿಟ್ಟು ಮಾಡುತ್ತಾರೆ. ನೋಡಿದರೆ ಸಂಜೆಯ ಕೆರೆಯೇ.

ಚಿತ್ರ ಬರೆಯುವುದು ಅವರಿಗೆ ರಂಗೋಲಿಯಿಂದ ಬಂದದ್ದು. ತರಬೇತಿಯಲ್ಲಿ ಗಿಳಿ, ನವಿಲು ಮಾಡಿ, ಪೇಟೆಯಲ್ಲಿ ಓಡ್ತದೆ ಅಂದಿದ್ದರಂತೆ. ಎರಡು ಮಾಡಿ ಬಿಟ್ಟರು. "ನವಿಲು ನಾನು ಹತ್ತಿರದಿಂದ ನೋಡಿಲ್ಲ, ನೋಡದ್ದು ಹೆಂಗೆ ಬರೀಲಿ" ಅಂತ. ಮೊಮ್ಮಗಳ ಸ್ಲೇಟಿನಲ್ಲಿ ಬರೆದು, ಅಳಿಸಿ, ಬರೆದು, ಸರಿ ಅನ್ನಿಸಿದ ಮೇಲೆ ಹಳೆ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡದಾಗಿ ಇಳಿಸುತ್ತಾರೆ. ಇಲ್ಲೊಂದು ಕಷ್ಟ ಇದೆ. ಹಾಸಿದ ಉಣ್ಣೆ ತುಳಿದು ಮುಗಿಯುವ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಚಿತ್ರವೂ ಕುಗ್ಗುತ್ತದೆ, ನೆಟ್ಟಗಿನ ಗೆರೆ ಸೊಟ್ಟಗಾಗುತ್ತದೆ, ಅಂಚು ಮಸುಕಾಗುತ್ತದೆ. ಮುಗಿದ ಮೇಲೆ ಹೇಗೆ ಕಾಣಬೇಕೋ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಬೇರೆ ಆಕಾರವನ್ನು ಚಾಪೆ ಮೇಲೆ ಹಾಸಬೇಕು. ಹೊಲದಲ್ಲಿ ಮೊಳಕೆ ನೋಡಿ ತೆನೆ ಲೆಕ್ಕ ಹಾಕುವವರಿಗೂ ಇದು ಸುಲಭ ಅಲ್ಲ.

ಗುಡ್ಡದ ಮೇಲಿಂದ ಕಂಡ ಹಾಗೆ, ಕೂಳೆ ಹೊಲದಲ್ಲಿ ಮಲಗಿದ ಮಂದೆಯನ್ನು ಅಕ್ಕ ಮಾಡಿದ್ದಾರೆ. ಈರುಳ್ಳಿ ಬಣ್ಣದ ನೆಲ, ಅದರಲ್ಲಿ ಬಣ್ಣವನ್ನೇ ಹಾಕದ ಕರಿ ಉಣ್ಣೆಯ ಗುಡ್ಡೆಗಳು, ಸುತ್ತ ಮುಳ್ಳಿನ ಬೇಲಿಗೆ ಬಿಳಿ ಎಳೆ. ನಮ್ಮ ಮೇಷ್ಟ್ರೊಬ್ಬರು ನೋಡಿ, "ಕುರಿ ಎಲ್ಲಮ್ಮಾ, ಕಾಲೇ ಇಲ್ಲವಲ್ಲ" ಅಂದರು. "ಮಲಗಿರೋ ಕುರಿಗೆ ಕಾಲು ಕಾಣ್ತಾವೇನು ಮೇಷ್ಟ್ರೆ?" ಅಂದರು ಅಕ್ಕ. ಕುರಿಯ ಚಿತ್ರವನ್ನು ಕುರಿಯ ಮೈಯ ಉಣ್ಣೆಯಲ್ಲೇ ಬರೆಯೋದು. ಇದಕ್ಕೆ ಕಲೆ ಅನ್ನದೆ ಬೇರೆ ಏನನ್ನಬೇಕೋ ನಮಗೆ ತಿಳಿಯದು. ಹಾಗಂತ ಎಲ್ಲಾ ಚೆನ್ನಾಗಿದೆ ಅಂತ ಹೊಗಳುತ್ತಿಲ್ಲ. ನಮ್ಮ ಉಣ್ಣೆ ಚುಚ್ಚುತ್ತದೆ, ಕತ್ತಿಗೆ ಸುತ್ತಿಕೊಳ್ಳಲು ಆಗೋದಿಲ್ಲ. ಶಾಲು ಮಾಡಿ ಅಂತ ಬಂದವರನ್ನು ಅಕ್ಕ ವಾಪಸು ಕಳಿಸಿದ್ದಾರೆ. ಕೂರುವ ಹಾಸು, ಚೀಲ, ಗೋಡೆಗೆ ಹಾಕುವಂಥದ್ದು, ಇಷ್ಟಕ್ಕೆ ಸರಿ.

ಈಗ ಸಂಘದ ವಿಷಯಕ್ಕೆ ಬರುತ್ತೇವೆ. ಇವತ್ತು ಉಣ್ಣೆ ಮಾರಿದ ದುಡ್ಡು ಕತ್ತರಿಸಿದವನ ಕೂಲಿಗೆ ಸಾಲದು ಅನ್ನೋದು ಕುರಿಯವರಿಗೆಲ್ಲ ಗೊತ್ತು. ಮಾಂಸಕ್ಕೆ ಬೆಲೆ ಇದೆ ಅಂತ ಉಣ್ಣೆ ಇಲ್ಲದ ತಳಿ ತರುತ್ತಿದ್ದಾರೆ. ತರುವವರ ತಪ್ಪಲ್ಲ, ಹೊಟ್ಟೆ ಪಾಡು. ಆದರೆ ಇರುವ ಉಣ್ಣೆಯನ್ನು ಬಣ್ಣ ನೋಡದೆ, ಮರಿಯದು ಬಲಿತದ್ದು ನೋಡದೆ, ಒಂದೇ ದರಕ್ಕೆ ತೂಗಿ ಚೀಲಕ್ಕೆ ಹಾಕುವವರು ನಾವೇ ಅಲ್ಲವೇ? ಕತ್ತರಿಸುವ ದಿನವೇ ಬೇರೆ ಬೇರೆ ಇಟ್ಟು, ಬಿಳಿಗೆ, ಮರಿ ಉಣ್ಣೆಗೆ ಬೇರೆ ದರ ಕೊಟ್ಟರೆ ಸಂಘಕ್ಕೆ ಬೀಳುವ ಖರ್ಚು ನಾಲ್ಕು ಖಾಲಿ ಚೀಲ ಮಾತ್ರ.

ಎರಡನೆಯದೇ ಮುಖ್ಯ. ಒಂದು ಮಗ್ಗ ನಿಲ್ಲದೆ ನಡೆಯಬೇಕಾದರೆ ಎರಡು ಮೂರು ಜನ ಕೂತು ನೂಲಬೇಕು. ನೂಲುವವರೆಲ್ಲ ಹೆಣ್ಣುಮಕ್ಕಳು. ನಮ್ಮ ಬೈಲಾದಲ್ಲಿ ಷೇರು ಕೊಡೋದು ಮಗ್ಗ ಇದ್ದವರಿಗೆ, ಕುರಿ ಇದ್ದವರಿಗೆ. ಎರಡೂ ಗಂಡಸರ ಹೆಸರಿನಲ್ಲೇ ಇರುತ್ತವೆ. ಅಕ್ಕ ಐವತ್ತು ವರ್ಷ ನೂಲಿದ್ದಾರೆ, ಸಂಘದ ಪುಸ್ತಕದಲ್ಲಿ ಅವರ ಹೆಸರಿಲ್ಲ. ಸೋಪಿಗೆ, ಪಟಿಕಕ್ಕೆ ಐದು ಸಾವಿರ ಮುಂಗಡ ಕೇಳಿದಾಗ ಆಡಳಿತ ಮಂಡಳಿಯಲ್ಲಿ ಬಂದ ಉತ್ತರ, ಸದಸ್ಯರಲ್ಲದವರಿಗೆ ಕೊಡಲು ಬರೋದಿಲ್ಲ ಅಂತ. ಕಾನೂನು ಪ್ರಕಾರ ಆ ಉತ್ತರ ಸರಿ. "ಸಂಘ ಇರೋದು ಕಂಬಳಿಗೆ, ಚಿತ್ರಕ್ಕಲ್ಲ" ಅಂತಲೂ ಒಬ್ಬರು ಅಂದರು. ಅವರು ಇಲ್ಲೇ ಕೂತಿದ್ದಾರೆ, ಮುಖ ನೋಡಿಯೇ ಹೇಳುತ್ತೇವೆ. ಕಂಬಳಿಗೆ ಅಂಚಿನ ಪಟ್ಟಿ ಎಲ್ಲಿ ಬರಬೇಕು, ಎಷ್ಟು ಅಗಲ ಬರಬೇಕು ಅಂತ ನಿಮ್ಮ ತಾತ ಯೋಚನೆ ಮಾಡಿದ್ದೂ ಚಿತ್ರವೇ.

ನೂಲುವವರಿಗೂ, ಉಣ್ಣೆಯ ಕೆಲಸ ಮಾಡುವ ಯಾರಿಗೇ ಆಗಲಿ ಅವರ ಹೆಸರಿನಲ್ಲೇ ಷೇರು ಸಿಗುವಂತೆ ಬೈಲಾ ತಿದ್ದುಪಡಿಯ ಸೂಚನೆಯನ್ನು ನಾವು ಬರೆದು ಕೊಟ್ಟಿದ್ದೇವೆ. ಮುಂದಿನ ತಿಂಗಳ ಸಭೆಯಲ್ಲಿ ಅದು ಬರುತ್ತದೆ. ವಿರೋಧ ಇದ್ದವರು ಅಲ್ಲೇ ಎದ್ದು ಹೇಳಲಿ, ಚಹಾ ಅಂಗಡಿಯಲ್ಲಿ ಬೇಡ.

ಊಟದ ಪಂಕ್ತಿ ಸಿದ್ಧವಾಗಿದೆ ಅಂತ ಚೀಟಿ ಬಂದಿದೆ. ಊಟ ಆದ ಮೇಲೆ ಗೋದಾಮಿನ ಪಡಸಾಲೆಗೆ ಬನ್ನಿ, ಅಕ್ಕ ಐದು ಹಾಸುಗಳನ್ನು ಹಾಕಿದ್ದಾರೆ. ಮಂದೆಯ ಚಿತ್ರ ಎಡಗಡೆ ಗೋಡೆಯಲ್ಲಿದೆ. ಮುಟ್ಟಿ ನೋಡಬಹುದು, ಕೈ ತೊಳೆದುಕೊಂಡು ಬನ್ನಿ.