ಖಾಲಿ ಮನೆಗೂ ಒಂದು ಗುರುತು

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಶಿಕ್ಷಕಿ. ಕಂಪ್ಯೂಟರ್ ವಿಷಯದಲ್ಲಿ ಭಾಷಾ ಶಿಕ್ಷಕಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಇಂದಿನ ವಿಷಯ ಒಂದು ಪದದಿಂದಲೇ ಶುರುವಾಗುತ್ತದೆ. ಸಂಸ್ಕೃತದ 'ಶೂನ್ಯ', ಅರಬ್ಬಿಯ 'ಸಿಫ್ರ್' ಎರಡಕ್ಕೂ ಖಾಲಿ ಎಂದೇ ಅರ್ಥ. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಭಾರತದ ಅಂಕಿಗಳ ಲೆಕ್ಕವನ್ನು ವಿವರಿಸಿ ಗ್ರಂಥ ಬರೆದರು. ಅದೇ ಶತಮಾನದಲ್ಲಿ ನಮ್ಮ ನಾಡಿನಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. 205ರಲ್ಲಿ ನಡುವಿನ ಸೊನ್ನೆ ಹತ್ತರ ಸ್ಥಾನ ಖಾಲಿ ಎಂದು ಹೇಳುತ್ತದೆ. ಅದನ್ನು ಬಿಟ್ಟರೆ 25 ಆಗುತ್ತದೆ. ಸ್ಥಾನ ಹಿಡಿದಿಡುವ ಗುರುತಿಗೆ ಅಷ್ಟು ಬೆಲೆ ಇದೆ.

ಆದರೆ ಸೊನ್ನೆ ಗುರುತೂ ಹೌದು, ಸಂಖ್ಯೆಯೂ ಹೌದು. ತೊಂದರೆ ಇರುವುದು ಇಲ್ಲೇ. 25 ಅಂಕಗಳ ಮೂರು ಕಿರುಪರೀಕ್ಷೆಗಳಲ್ಲಿ ಒಬ್ಬ ಹುಡುಗಿಗೆ 18 ಮತ್ತು 20 ಬಂದಿವೆ, ಒಂದಕ್ಕೆ ಜ್ವರದಿಂದ ಗೈರುಹಾಜರು. ಆ ಮನೆಯಲ್ಲಿ 0 ತುಂಬಿದರೆ ಸರಾಸರಿ 13ಕ್ಕಿಂತ ಕಡಿಮೆ; ಬರೆದ ಪರೀಕ್ಷೆಗಳ ಸರಾಸರಿ 19. ಶ್ರೀನಿವಾಸಪುರದಲ್ಲಿ ಮಾವಿನ ಹಂಗಾಮು ಮುಗಿದ ಮೇಲೆ ದರ ಸೊನ್ನೆಯಾಗುವುದಿಲ್ಲ, ದರವೇ ಇರುವುದಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಜನ್ಮದಿನ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿರಲಿಲ್ಲ, ಖಾಲಿ ಬಿಡುವಂತಿರಲಿಲ್ಲ, ಒಂದನ್ನು ಬರೆದರು. ಮುಂದೆ ನೌಕರಿ, ನಿವೃತ್ತಿ, ಪಿಂಚಣಿಗೆಲ್ಲ ಅದೇ ನಿಜವಾಯಿತು.

ಕಂಪ್ಯೂಟರಿನಲ್ಲೂ ಹೀಗೇ ಆಗಿದೆ. 1965ರಲ್ಲಿ ಟೋನಿ ಹೋರ್ 'ನಲ್' ಎಂಬ ಖಾಲಿ ಗುರುತನ್ನು ಆಲ್ಗಾಲ್ ಡಬ್ಲ್ಯೂ ಭಾಷೆಗೆ ಸೇರಿಸಿದರು. ಅದು ಯಾವ ವಸ್ತುವಿನ ಜಾಗದಲ್ಲಾದರೂ ಸದ್ದಿಲ್ಲದೆ ಕುಳಿತುಕೊಳ್ಳಬಹುದಿತ್ತು. 2009ರಲ್ಲಿ ಅವರೇ ಅದನ್ನು ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು.

ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳು ಬೇರೆ ದಾರಿ ಹಿಡಿದವು. 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಇವುಗಳಲ್ಲಿ ಒಂದು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು ಅದಕ್ಕಿದೆ. ಅದರಲ್ಲಿ 'ಮೇಬಿ' ಎಂಬ ಟೈಪ್ ಇದೆ. ಟೈಪ್ ಎಂದರೆ ಒಂದು ಮನೆಯಲ್ಲಿ ಎಂಥ ಮೌಲ್ಯ ಇರಬಹುದು ಎಂಬ ಕಟ್ಟಳೆ. ನಮ್ಮ ಹುಡುಗಿಯ ಅಂಕಗಳು 'ಜಸ್ಟ್ 18', 'ನಥಿಂಗ್', 'ಜಸ್ಟ್ 20' ಎಂದಾಗುತ್ತವೆ. ಇವುಗಳನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಿಸಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ. ನಥಿಂಗ್ ಬಂದಾಗ ಏನು ಮಾಡಬೇಕೆಂದು ನಾವು ಬರೆದುಕೊಡಬೇಕು. ಗೈರುಹಾಜರಿ ಸೊನ್ನೆಯ ವೇಷ ಹಾಕಿಕೊಂಡು ಒಳಗೆ ಬರಲಾರದು.

ಇನ್ನೊಂದು 'ಯೂನಿಟ್', ಇನ್ನೂ ಸರಳ. ಇದನ್ನು ಖಾಲಿ ಆವರಣ ಚಿಹ್ನೆಯಾಗಿ ಬರೆಯುತ್ತಾರೆ. ಈ ಟೈಪಿಗೆ ಇರುವುದು ಒಂದೇ ಮೌಲ್ಯ. ಆದ್ದರಿಂದ ಅದು ಹೊಸ ಸುದ್ದಿ ಏನನ್ನೂ ಹೇಳುವುದಿಲ್ಲ. ಹಾಗಾದರೆ ಏತಕ್ಕೆ ಬೇಕು? ಮಕ್ಕಳ ಹೆಸರಿನ ಮುಂದೆ ಅಂಕ ಇಡುವ ಕೋಷ್ಟಕವೊಂದು ನಿಮ್ಮಲ್ಲಿದೆ ಎನ್ನಿ. ಹೆಸರು ಪಟ್ಟಿಯಲ್ಲಿದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದರೆ ಹೊಸ ರಚನೆ ಕಟ್ಟಬೇಕಾಗಿಲ್ಲ. ಅಂಕದ ಜಾಗದಲ್ಲಿ ಯೂನಿಟ್ ಇಟ್ಟರೆ ಅದೇ ಕೋಷ್ಟಕ ಹೆಸರುಗಳ ಗಣವಾಗುತ್ತದೆ. ರಸ್ಟ್ ಭಾಷೆಯ 'ಹ್ಯಾಶ್‌ಸೆಟ್' ರಚನೆಯಾಗಿರುವುದು ಹೀಗೆಯೇ. ಯೂನಿಟ್‌ಗಳದ್ದೇ ಪಟ್ಟಿ ಮಾಡಿದರೆ ಉಳಿಯುವುದು ಎಣಿಕೆ ಮಾತ್ರ, ಕುರಿ ಲೆಕ್ಕಕ್ಕೆ ಇಟ್ಟ ಕಲ್ಲುಹರಳುಗಳಂತೆ. ಮರದಂಥ ರಚನೆಯ ಪ್ರತಿ ಗೆಣ್ಣಿನಲ್ಲೂ ಯೂನಿಟ್ ಇಟ್ಟರೆ ಉಳಿಯುವುದು ಮರದ ಆಕಾರ. ಮೊದಲು ಆಕಾರ ಸರಿಯಾಗಿದೆಯೇ ನೋಡಿ, ಆಮೇಲೆ ನಿಜವಾದ ಮೌಲ್ಯ ತುಂಬಬಹುದು.

ಪ್ರಿಯ ವಿದ್ಯಾರ್ಥಿಗಳೇ, 'ಸೊನ್ನೆ', 'ಗೊತ್ತಿಲ್ಲ', 'ಹೇಳಬೇಕಾದ್ದೇನೂ ಇಲ್ಲ' ಇವು ಮೂರೂ ಬೇರೆ ಬೇರೆ. ಮೊದಲನೆಯದು ಸಂಖ್ಯೆ, ಎರಡನೆಯದು ನಥಿಂಗ್, ಮೂರನೆಯದು ಯೂನಿಟ್. ನಾಳೆ ನಿಮ್ಮಲ್ಲಿ ಕೆಲವರು ಶಾಲೆ, ಆಸ್ಪತ್ರೆ, ಪಡಿತರದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತೀರಿ. ಒಂದು ಮನೆ ಖಾಲಿ ಕಂಡರೆ ಕೈಗೆ ಸಿಕ್ಕಿದ್ದನ್ನು ತುಂಬಬೇಡಿ. ಇದು ಯಾವ ಬಗೆಯ ಖಾಲಿ ಎಂದು ಕೇಳಿ. ಆ ಮನೆಯ ಹಿಂದೆ ಒಂದು ಮಗುವಿನ ವಿದ್ಯಾರ್ಥಿವೇತನವೋ, ಒಬ್ಬ ಅಜ್ಜಿಯ ಪಿಂಚಣಿಯೋ ಇರುತ್ತದೆ.