ಸಾಕುಪ್ರಾಣಿಗಳ ತುರಿಕೆ: ಕಾರಣವನ್ನು ಅರಿತು ಚಿಕಿತ್ಸೆ

(ಕನ್ನಡ ಸಂಘವೊಂದರ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



'ಕಜ್ಜಿ' ಎಂಬುದು ಕನ್ನಡಿಗರೆಲ್ಲರೂ ಬಲ್ಲ ಪದ. ಮಗುವಿನ ಬೆರಳ ಸಂದಿನಲ್ಲಿ ಗುಳ್ಳೆಯೆದ್ದರೂ ಕಜ್ಜಿ, ದನದ ಮೈಮೇಲಿನ ಕೂದಲು ಉದುರಿದರೂ ಕಜ್ಜಿ, ನಾಯಿಯ ಕಿವಿಯಂಚು ಹುಣ್ಣಾದರೂ ಕಜ್ಜಿ. ಇದರಿಂದ ಹುಟ್ಟಿದ 'ಕಜ್ಜಿನಾಯಿ' ಎಂಬ ಮಾತಂತೂ ರೋಗದ ಹೆಸರಾಗಿ ಉಳಿಯದೆ ಬೈಗುಳವೇ ಆಗಿದೆ. ನಾವು ನೆಲೆಸಿರುವ ಊರುಗಳ ಭಾಷೆಗಳಲ್ಲಿಯೂ ಪರಿಸ್ಥಿತಿ ಬೇರೆಯಲ್ಲ. ಮರಾಠಿಯ 'ಖರೂಜ', ತಮಿಳಿನ 'ಸೊರಿ', ತೆಲುಗಿನ 'ಗಜ್ಜಿ', ಹಿಂದಿಯ 'ಖುಜಲಿ' ಇವೆಲ್ಲವೂ ಹೀಗೆಯೇ ಹಲವು ಬೇನೆಗಳಿಗೆ ಹೊದಿಸಿದ ಒಂದೇ ಹೊದಿಕೆಗಳು.

ಹತ್ತು ಬೇನೆಗಳಿಗೆ ಒಂದೇ ಹೆಸರಿಟ್ಟಾಗ ಹತ್ತಕ್ಕೂ ಒಂದೇ ಮದ್ದನ್ನು ಹುಡುಕುವುದು ಸಹಜ. ಆ ಮದ್ದು ನಾಟದಿದ್ದಾಗ 'ಇದು ವಾಸಿಯಾಗದ ರೋಗ, ಮನೆಮಂದಿಗೆಲ್ಲ ಅಂಟುತ್ತದೆ' ಎಂಬ ಭಯ ಮೂಡುತ್ತದೆ. ಆ ಭಯದ ಫಲವಾಗಿ, ಮಕ್ಕಳೊಡನೆ ಆಡಿ ಬೆಳೆದ ನಾಯಿಯನ್ನು ಊರಾಚೆಯ ರಸ್ತೆಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ನಾನು ಪಶುವೈದ್ಯನಲ್ಲ, ಸಚಿವಾಲಯದ ಮಾಹಿತಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಅನುವಾದಕ. ಒಂದೇ ಪದದಡಿ ಸೇರಿಹೋದ ಅರ್ಥಗಳನ್ನು ಬಿಡಿಸಿ ನೋಡುವುದು ನನ್ನ ವೃತ್ತಿ. ಪಶುವೈದ್ಯ ವಿಜ್ಞಾನದ ತಿಳಿವಳಿಕೆಯನ್ನು ಆಧರಿಸಿ ಇಂದು ಆ ಕೆಲಸವನ್ನೇ 'ಕಜ್ಜಿ'ಯ ವಿಷಯದಲ್ಲಿ ಮಾಡಬಯಸುತ್ತೇನೆ. ಮುಖ್ಯವಾಗಿ ಹೇಳಬೇಕಾದುದು ಇಷ್ಟೇ: ತುರಿಕೆಯು ರೋಗವಲ್ಲ, ರೋಗದ ಲಕ್ಷಣ. ಕಾರಣವನ್ನು ಗುರುತಿಸಿದರೆ ಬಹುಪಾಲು ಪ್ರಾಣಿಗಳು ಗುಣ ಹೊಂದುತ್ತವೆ. ಉಳಿದವು ನೆಮ್ಮದಿಯಿಂದ ಬಾಳಬಲ್ಲವು.

ಪ್ರಾಣಿಗಳ ಬೇನೆಯನ್ನು ಕುರಿತು ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. 12ನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಚಾಲುಕ್ಯ ರಾಜವಂಶದ ಕೀರ್ತಿವರ್ಮನು 'ಗೋವೈದ್ಯ'ವೆಂಬ ಗ್ರಂಥವನ್ನು ರಚಿಸಿದನು. ಆದರೆ ಕಜ್ಜಿಯ ನಿಜವಾದ ಕಾರಣವು ಸ್ಪಷ್ಟವಾಗಿ ಕಣ್ಣಿಗೆ ಬೀಳಲು ಸೂಕ್ಷ್ಮದರ್ಶಕ ಬರಬೇಕಾಯಿತು. 1687ರಲ್ಲಿ ಇಟಲಿಯ ಲಿವೊರ್ನೊ ನಗರದ ವೈದ್ಯ ಬೊನೊಮೊ ಮತ್ತು ಔಷಧ ತಯಾರಕ ಚೆಸ್ತೋನಿ ಎಂಬವರು ಮನುಷ್ಯರ ಕಜ್ಜಿಗುಳ್ಳೆಯಿಂದ ಸೂಜಿಯ ಮೊನೆಯಲ್ಲಿ ತೆಗೆದ ಕಣವೊಂದನ್ನು ಪರೀಕ್ಷಿಸಿ, ಅದು ನಡೆದಾಡುವ, ಮೊಟ್ಟೆಯಿಡುವ ಜೀವಿಯೆಂಬುದನ್ನು ಕಂಡರು. ದೇಹದ ದೋಷದಿಂದಲೇ ಕಜ್ಜಿ ಹುಟ್ಟುತ್ತದೆಂದು ನಂಬಿದ್ದ ವೈದ್ಯಲೋಕವು ಅದನ್ನು ಒಪ್ಪಲು ಸಿದ್ಧವಿರಲಿಲ್ಲ. 1834ರಲ್ಲಿ ಪ್ಯಾರಿಸ್ಸಿನಲ್ಲಿ ರೆನುಚ್ಚಿ ಎಂಬ ವಿದ್ಯಾರ್ಥಿಯು ಎಲ್ಲರ ಸಮ್ಮುಖದಲ್ಲಿ ಆ ಜೀವಿಯನ್ನು ಹೊರತೆಗೆದು ತೋರಿಸಿದ ಮೇಲೆ ಸಂದೇಹ ನೀಗಿತು. 'ನಾಯಿಯ ರಕ್ತ ಕೆಟ್ಟಿದೆ' ಎಂಬ ಮಾತು ಇಂದಿಗೂ ನಮ್ಮ ಕಿವಿಗೆ ಬೀಳುವುದುಂಟು. ಹಳೆಯ ನಂಬಿಕೆಗಳಿಗೆ ಆಯುಸ್ಸು ಹೆಚ್ಚು.

ಆ ಜೀವಿಯನ್ನೇ ನಾವು 'ನುಸಿ' ಎನ್ನುತ್ತೇವೆ. ಎಂಟು ಕಾಲುಗಳುಳ್ಳ ಇದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ನಾಯಿಗಳನ್ನು ಕಾಡುವ ನುಸಿಗಳಲ್ಲಿ ಮುಖ್ಯವಾದವು ಎರಡು. ಅವುಗಳ ಸ್ವಭಾವ ಪರಸ್ಪರ ವಿರುದ್ಧ.

ಮೊದಲನೆಯದು ಸಾರ್ಕಾಪ್ಟಿಸ್. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಇದರ ಹೆಣ್ಣು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬೆಳೆದು ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಎರಡರಿಂದ ಮೂರು ವಾರ ಸಾಕು. ಕಿವಿಯಂಚು, ಮೊಣಕೈ, ಹಿಂಗಾಲಿನ ಗಂಟು ಹಾಗೂ ಹೊಟ್ಟೆಯ ಅಡಿಭಾಗದಲ್ಲಿ ಕೂದಲು ಉದುರಿ ಹೊಪ್ಪಳಿಕೆ ಕಟ್ಟುತ್ತದೆ. ತುರಿಕೆ ಎಷ್ಟು ತೀವ್ರವೆಂದರೆ ಪ್ರಾಣಿಗೆ ಊಟವೂ ಬೇಡ, ನಿದ್ರೆಯೂ ಇಲ್ಲ. ಕಿವಿಯಂಚನ್ನು ಬೆರಳುಗಳ ನಡುವೆ ಮೆಲ್ಲನೆ ಉಜ್ಜಿದೊಡನೆ ನಾಯಿಯು ತನಗರಿವಿಲ್ಲದೆಯೇ ಹಿಂಗಾಲನ್ನು ಕೆರೆಯುವಂತೆ ಆಡಿಸಿದರೆ ಈ ನುಸಿಯನ್ನು ಸಂಶಯಿಸಬೇಕಾಗುತ್ತದೆ. ಇದು ನಾಯಿಯಿಂದ ನಾಯಿಗೆ ಬೇಗನೆ ಹರಡುವಂಥದು. ಆದುದರಿಂದ ಮನೆಯಲ್ಲಿ ಎರಡು ನಾಯಿಗಳಿದ್ದರೆ, ಒಂದು ಆರೋಗ್ಯವಾಗಿ ಕಂಡರೂ ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಎರಡನೆಯದು ಡೆಮೊಡೆಕ್ಸ್. ಚುಟ್ಟಾದಂತೆ ನೀಳವಾದ ದೇಹವುಳ್ಳ ಈ ನುಸಿಯು ಕೂದಲ ಬುಡದಲ್ಲಿ ವಾಸಿಸುತ್ತದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ, ಮೊಲೆಯುಣ್ಣುವಾಗ ತಾಯಿಯಿಂದ ಮರಿಗೆ ಬಂದು ಸೇರುತ್ತದೆ. ಆರೋಗ್ಯವಂತ ನಾಯಿಗಳ ಚರ್ಮದಲ್ಲಿಯೂ ಇದು ಅಲ್ಪಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಇದರ ಸಂಖ್ಯೆ ಮಿತಿಮೀರಿ ಕಣ್ಣಿನ ಸುತ್ತ, ಬಾಯಿಯ ಬಳಿ, ಮುಂಗಾಲುಗಳಲ್ಲಿ ಕೂದಲು ಉದುರುತ್ತದೆ. ಆರಂಭದಲ್ಲಿ ತುರಿಕೆ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ಸೇರಿಕೊಂಡ ಮೇಲೆ ತುರಿಕೆ, ಕೀವು, ದುರ್ಗಂಧ ಕಾಣಿಸಿಕೊಳ್ಳುತ್ತವೆ. ನೋಡಲು ಇದೇ ಹೆಚ್ಚು ಭಯ ಹುಟ್ಟಿಸುವ ರೂಪ. ಆದರೆ ಇದು ಮನುಷ್ಯರಿಗೆ ಅಂಟುವುದಿಲ್ಲ. ಬೆಳೆದ ಇತರ ನಾಯಿಗಳಿಗೂ ಅಂಟುರೋಗವಾಗಿ ಹರಡುವುದಿಲ್ಲ. ಎಳೆಯ ಮರಿಗಳಲ್ಲಿ ಒಂದೆರಡು ಕಲೆಗಳಷ್ಟೇ ಇದ್ದರೆ ಬಹುಮಟ್ಟಿಗೆ ತಾನಾಗಿಯೇ ಮಾಯುತ್ತದೆ. ವಯಸ್ಸಾದ ನಾಯಿಯಲ್ಲಿ ಮೊದಲ ಬಾರಿಗೆ ಕಂಡುಬಂದರೆ ದೇಹದೊಳಗೆ ಬೇರೊಂದು ರೋಗ ಅಡಗಿದೆಯೇ ಎಂದು ಪರೀಕ್ಷಿಸಬೇಕು.

ಬೆಕ್ಕುಗಳಲ್ಲಿ ನೋಟೊಎಡ್ರಿಸ್ ಎಂಬ ನುಸಿಯು ಕಿವಿ ಮತ್ತು ತಲೆಯಿಂದ ಆರಂಭಿಸಿ ಚರ್ಮವನ್ನು ದಪ್ಪಗೊಳಿಸುತ್ತದೆ. ನಾಯಿ ಬೆಕ್ಕುಗಳೆರಡರ ಕಿವಿಯೊಳಗೂ ನೆಲೆಸುವ ಮತ್ತೊಂದು ನುಸಿಯಿದೆ. ಪ್ರಾಣಿಯು ಪದೇಪದೇ ತಲೆ ಕೊಡವುತ್ತ, ಕಿವಿಯಲ್ಲಿ ಕಾಫಿಯ ಚರಟದಂಥ ಕಪ್ಪು ಗುಗ್ಗೆ ತುಂಬಿದ್ದರೆ ಅದನ್ನು ನೆನೆಯಬೇಕು.

ಇನ್ನು ನುಸಿಯಲ್ಲದ ಕಾರಣಗಳು. ಇವುಗಳಲ್ಲಿ ಚಿಗಟಕ್ಕೆ ಮೊದಲ ಸ್ಥಾನ. ಬೆನ್ನಿನ ಹಿಂಭಾಗ ಮತ್ತು ಬಾಲದ ಬುಡವನ್ನು ಪ್ರಾಣಿಯು ಕಚ್ಚಿಕೊಳ್ಳುತ್ತಿದ್ದರೆ ಕೂದಲ ನಡುವಿನ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ ನೋಡಿ. ಪುಡಿಯ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಆ ಕೆಂಪು ಪ್ರಾಣಿಯ ರಕ್ತವೇ. ಚಿಗಟದ ಎಂಜಲು ಒಗ್ಗದ ಪ್ರಾಣಿಗೆ ಕೆಲವೇ ಕಡಿತಗಳು ಸಾಕು, ಮೈಯೆಲ್ಲ ತುರಿಕೆಯೇಳುತ್ತದೆ. ಚಿಗಟದ ಮೊಟ್ಟೆ, ಮರಿ, ಕೋಶಗಳು ಪ್ರಾಣಿಯ ಮೈಮೇಲಲ್ಲ, ಹಾಸಿಗೆಯಲ್ಲಿ, ಜಮಖಾನೆಯಲ್ಲಿ, ನೆಲದ ಬಿರುಕುಗಳಲ್ಲಿ ಇರುತ್ತವೆ. ಆದ್ದರಿಂದ ನಾಯಿಗೆ ಮದ್ದು ಹಾಕಿ ಮನೆಯನ್ನು ಶುಚಿಗೊಳಿಸದಿದ್ದರೆ ಪ್ರಯೋಜನವಿಲ್ಲ. ಉಣ್ಣೆಯಂತೂ ತುರಿಕೆಯ ಜೊತೆಗೆ ರಕ್ತವನ್ನು ನಾಶಪಡಿಸುವ ಎರ್ಲಿಕಿಯ, ಬಬೇಸಿಯ ಮುಂತಾದ ಸೋಂಕುಗಳನ್ನು ಒಯ್ಯುತ್ತದೆ. ಅದನ್ನು ಬರಿಗೈಯಿಂದ ಹಿಸುಕದೆ, ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ಗುಂಡಗೆ ಕೂದಲುದುರಿ ಹುರುಪೆಯೇಳುವ ಹುಳುಕಡ್ಡಿಗೆ ಹೆಸರಿನಲ್ಲಿ ಹುಳುವಿದ್ದರೂ ವಾಸ್ತವವಾಗಿ ಅದು ಶಿಲೀಂಧ್ರದ ಸೋಂಕು. ಮಳೆಗಾಲದ ತೇವದಲ್ಲಿ ಕಾಲ್ಬೆರಳ ಸಂದು, ಕಿವಿಗಳಲ್ಲಿ ಕಮಟು ವಾಸನೆಯೊಡನೆ ಬೆಳೆಯುವ ಯೀಸ್ಟ್ ಸಹ ಅದೇ ಕುಲದ್ದು. ಕೊನೆಯದಾಗಿ ಒಗ್ಗದಿಕೆ, ಅಂದರೆ ಅಲರ್ಜಿ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆದೋರುವ ಇದರಲ್ಲಿ ನಾಯಿಯು ಪಾದಗಳನ್ನು ಎಡೆಬಿಡದೆ ನೆಕ್ಕುತ್ತದೆ, ಮುಖವನ್ನು ನೆಲಕ್ಕೆ ಉಜ್ಜುತ್ತದೆ. ಮನೆಯ ಧೂಳಿನಲ್ಲಿರುವ ನುಸಿಯೇ ಅನೇಕ ವೇಳೆ ಇದಕ್ಕೆ ಕಾರಣ. ಇದೂ ನುಸಿಯೇ ಹೌದು, ಆದರೆ ಚರ್ಮದಲ್ಲಿ ವಾಸಿಸದ ನುಸಿ. ಇದು ಬೇರುಸಹಿತ ಹೋಗುವುದು ಅಪರೂಪ, ಹತೋಟಿಯಲ್ಲಿಡಲು ಸಾಧ್ಯ. ಆಹಾರದ ಅಲರ್ಜಿಯೆಂದು ಶಂಕೆ ಬಂದರೆ ವೈದ್ಯರು ಸುಮಾರು 8 ವಾರ ಬೇರೊಂದೇ ಬಗೆಯ ಆಹಾರವನ್ನು ಕೊಟ್ಟು ನೋಡಲು ಹೇಳುತ್ತಾರೆ. ನಡುವೆ ಒಂದು ಬಿಸ್ಕತ್ತು ಕೊಟ್ಟರೂ ಪರೀಕ್ಷೆ ಕೆಡಬಹುದು.

ಇಷ್ಟೊಂದು ಕಾರಣಗಳನ್ನು ಬರಿಗಣ್ಣಿನಿಂದ ಬೇರ್ಪಡಿಸಲಾಗದು. ವೈದ್ಯರು ಚರ್ಮವನ್ನು ಮೆಲ್ಲನೆ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಡೆಮೊಡೆಕ್ಸ್ ಸಾಮಾನ್ಯವಾಗಿ ಸುಲಭವಾಗಿ ಸಿಗುತ್ತದೆ. ಸಾರ್ಕಾಪ್ಟಿಸ್ ಇದ್ದರೂ ಅನೇಕ ಸಲ ಸಿಗುವುದಿಲ್ಲ. ಆದುದರಿಂದ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ವೈದ್ಯರು ಮದ್ದು ಬರೆದರೆ ಅದನ್ನು ಅನುಮಾನಿಸಬೇಕಾಗಿಲ್ಲ. ಪರಭಾಷೆಯ ಊರಿನಲ್ಲಿರುವ ನಮಗೆ ಇನ್ನೊಂದು ಸೂಚನೆ: ವೈದ್ಯರ ಬಳಿ 'ಖರೂಜ' ಅಥವಾ 'ಸೊರಿ' ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಮೊದಲು ತುರಿಕೆ ಬಂದಿತೋ ಕೂದಲು ಉದುರಿತೋ, ಯಾವ ಭಾಗದಿಂದ ಆರಂಭವಾಯಿತು, ಎಷ್ಟು ದಿನವಾಯಿತು, ಪ್ರತಿವರ್ಷ ಅದೇ ಋತುವಿನಲ್ಲಿ ಬರುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆಯಿದೆಯೇ, ಈಗಾಗಲೇ ಏನು ಹಚ್ಚಿದ್ದೀರಿ ಎಂಬ ಆರು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಂಡು ಹೋಗಿ. ಮುಂಬಯಿಯಲ್ಲಿ 1886ರಲ್ಲಿಯೂ ಮದ್ರಾಸಿನಲ್ಲಿ 1903ರಲ್ಲಿಯೂ ಸ್ಥಾಪಿತವಾದ ಪಶುವೈದ್ಯ ಕಾಲೇಜುಗಳು ಇಂದಿಗೂ ಇವೆ. ಇಂಥ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳು ಹಾಗೂ ಸರ್ಕಾರಿ ಪಶು ಚಿಕಿತ್ಸಾಲಯಗಳು ಸಾರ್ವಜನಿಕರ ಸೇವೆಗಾಗಿಯೇ ಇರುವಂಥವು.

ಮದ್ದಿನ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಅತ್ಯಗತ್ಯ. ಸೀಮೆಎಣ್ಣೆ, ಹಳೆಯ ಇಂಜಿನ್ ಎಣ್ಣೆ, ಫಿನಾಯಿಲ್, ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕ ಇವುಗಳನ್ನು ಎಂದಿಗೂ ಹಚ್ಚಬಾರದು. ಪ್ರಾಣಿಯು ಮೈ ನೆಕ್ಕಿ ವಿಷವನ್ನು ನುಂಗುತ್ತದೆ. ಗಂಧಕಕ್ಕೆ ನುಸಿಯನ್ನು ಕೊಲ್ಲುವ ಗುಣವಿರುವುದು ನಿಜ, ಸುಣ್ಣ-ಗಂಧಕದ ದ್ರಾವಣವನ್ನು ವೈದ್ಯರೂ ಬಳಸುತ್ತಾರೆ. ಆದರೆ ಅದರ ಪ್ರಮಾಣವನ್ನು ಅವರೇ ನಿರ್ಧರಿಸಬೇಕು. ಐವರ್‌ಮೆಕ್ಟಿನ್ ಮಹೋಪಕಾರಿಯಾದ ಔಷಧ. ಅದರ ಮೂಲದ ಶೋಧನೆಗಾಗಿ ಕ್ಯಾಂಪ್‌ಬೆಲ್ ಮತ್ತು ಓಮುರಾ 2015ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೂ ಕಾಲಿ ಮತ್ತು ಅದರ ಸಂಬಂಧಿ ತಳಿಯ ಕೆಲವು ನಾಯಿಗಳಲ್ಲಿ ಅನುವಂಶೀಯ ಕಾರಣದಿಂದ ಅದು ಮೆದುಳನ್ನು ಹೊಕ್ಕು ಪ್ರಾಣಕ್ಕೇ ಎರವಾಗಬಲ್ಲದು. ದನಗಳಿಗಾಗಿ ತಂದ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಕೊಡಲೇಬಾರದು. ನಾಯಿಗಳಿಗಾಗಿ ಮಾರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಸ್ಟೀರಾಯ್ಡ್ ಗುಳಿಗೆಯು ಒಂದೇ ದಿನದಲ್ಲಿ ತುರಿಕೆಯನ್ನು ಅಡಗಿಸಬಹುದು. ಕಾರಣವು ಡೆಮೊಡೆಕ್ಸ್ ಆಗಿದ್ದರೆ ರೋಗವನ್ನು ಉಲ್ಬಣಗೊಳಿಸುತ್ತದೆ. ಕಳೆದ ದಶಕದಿಂದ ಬಳಕೆಗೆ ಬಂದಿರುವ ಫ್ಲುರಲನರ್, ಅಫಾಕ್ಸೊಲನರ್ ಮುಂತಾದ ಗುಳಿಗೆಗಳು ಚಿಗಟ, ಉಣ್ಣೆ, ನುಸಿಗಳ ಚಿಕಿತ್ಸೆಯನ್ನು ಬಹಳ ಸರಳಗೊಳಿಸಿವೆ. ನಾಯಿಗೆ ಹಿಂದೆ ಅಪಸ್ಮಾರದ ಸೆಳವು ಬಂದಿದ್ದರೆ ಅವನ್ನು ಕೊಡುವ ಮೊದಲು ವೈದ್ಯರಿಗೆ ತಿಳಿಸಬೇಕು.

ಮನೆಮಂದಿಗೆ ಅಂಟುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ನಾಯಿಯ ಸಾರ್ಕಾಪ್ಟಿಸ್ ನುಸಿಯು ಎತ್ತಿಕೊಂಡವರ ಮುಂಗೈ, ಹೊಟ್ಟೆಗಳಲ್ಲಿ ಕೆಂಪು ಗುಳ್ಳೆಗಳನ್ನು ಎಬ್ಬಿಸಬಹುದು. ಆದರೆ ಮನುಷ್ಯನ ಚರ್ಮದಲ್ಲಿ ಅದು ವಂಶವನ್ನು ಬೆಳೆಸಿ ನೆಲೆಯೂರಲಾರದು; ನಾಯಿ ಗುಣವಾದಂತೆ ಗುಳ್ಳೆಗಳೂ ಅಡಗುತ್ತವೆ. ಅಡಗದಿದ್ದರೆ ಚರ್ಮವೈದ್ಯರನ್ನು ಕಾಣಬೇಕು, ಏಕೆಂದರೆ ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಜ್ಜಿನುಸಿ ಬೇರೆಯೇ ಇದೆ. ಹುಳುಕಡ್ಡಿ ಮಾತ್ರ ನಿಶ್ಚಯವಾಗಿಯೂ ಅಂಟುವಂಥದು, ವಿಶೇಷವಾಗಿ ಮಕ್ಕಳಿಗೆ. ಚಿಕಿತ್ಸೆ ಮುಗಿಯುವವರೆಗೆ ಪ್ರಾಣಿಯನ್ನು ಹಾಸಿಗೆಯ ಮೇಲೆ ಬಿಡದಿರುವುದು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಅದರ ಹಾಸನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಇಷ್ಟನ್ನು ಮಾಡಿದರೆ ಭಯಪಡಬೇಕಾಗಿಲ್ಲ. ಕೂದಲುದುರಿದ ಬೀದಿನಾಯಿಯನ್ನು ಹುಚ್ಚುನಾಯಿಯೆಂದು ತಿಳಿದು ಹೊಡೆಯುವುದೂ ತಪ್ಪು. ಕಜ್ಜಿಗೂ ರೇಬಿಸ್ ರೋಗಕ್ಕೂ ಸಂಬಂಧವಿಲ್ಲ. ಆದರೆ ಯಾವ ನಾಯಿ ಕಚ್ಚಿದರೂ ಗಾಯವನ್ನು ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಮರೆಯಬಾರದು.

ಬಂಧುಗಳೇ, ರಾಜ್ಯಸಭೆಯಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮ ಜಾರಿಗೆ ಬಂದಿತು. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಆ ಅಧಿನಿಯಮದ 11ನೆಯ ಪ್ರಕರಣದಂತೆ ಅಪರಾಧ. ಜೀವಿಗಳಲ್ಲಿ ಅನುಕಂಪ ತೋರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿಯೂ ಸೇರಿಸಲಾಗಿದೆ.

ಕಾನೂನಿನ ಮಾತು ಹಾಗಿರಲಿ. ತನಗೆ ಎಲ್ಲಿ ತುರಿಸುತ್ತದೆ, ಏಕೆ ತುರಿಸುತ್ತದೆ ಎಂದು ಹೇಳಲು ಪ್ರಾಣಿಗೆ ಯಾವ ಭಾಷೆಯೂ ಇಲ್ಲ. ಕೆರೆದುಕೊಳ್ಳುವುದೊಂದೇ ಅದು ಹೇಳಬಲ್ಲ ಮಾತು. ಆ ಮಾತನ್ನು ನಾವು 'ಕಜ್ಜಿ' ಎಂಬ ಒಂದೇ ಪದಕ್ಕೆ ಅನುವಾದಿಸಿ ಮುಗಿಸದೆ, ಅದರ ಸರಿಯಾದ ಅರ್ಥವನ್ನು ತಿಳಿಯಲು ವೈದ್ಯರ ಬಳಿಗೆ ಒಯ್ಯಬೇಕು. ನಿಮ್ಮ ಮನೆಯ ಮೂಕಜೀವಿಯ ಪಾಲಿಗೆ ಆ ಒಂದು ಹೆಜ್ಜೆಯೇ ಅರ್ಧ ಚಿಕಿತ್ಸೆ.